ಮಾವ ಸೋತ ಮಧ್ಯಾಹ್ನ

ನಮ್ಮ ಹೊಲಿಗೆ ಅಂಗಡಿಗೆ ಹೊಸದಾಗಿ ಬರುವ ಗಿರಾಕಿಗಳು ಒಂದು ತಪ್ಪು ಮಾಡುತ್ತಾರೆ. ಅಳತೆ ಕೊಡಲು ಕೈ ಅಗಲಿಸಿ ನಿಂತವರು, ಗೋಡೆಯ ಮೇಲೆ ಅಕ್ಕಪಕ್ಕ ಅಂಟಿಸಿರುವ ಇಬ್ಬರು ಹಳೆಯ ಸಿನಿಮಾ ನಟರ ಚಿತ್ರಗಳನ್ನು ನೋಡಿ ಸುಮ್ಮನಿರಲಾರದೆ, "ಇವರಿಬ್ಬರಲ್ಲಿ ಯಾರು ದೊಡ್ಡ ನಟ ಅಂತೀರಿ?" ಎಂದು ಕೇಳಿಬಿಡುತ್ತಾರೆ. ನನ್ನ ಸೋದರಮಾವ ಟೇಪನ್ನು ಅವರ ಎದೆಗೆ ಸುತ್ತುತ್ತಾ, "ತೋಳು ಉದ್ದ ಇರಲಾ, ಗಿಡ್ಡ ಇರಲಾ?" ಎನ್ನುತ್ತಾನೆ. ಮತ್ತೆ ಕೇಳಿದರೂ ಅದೇ ಮಾತು. ಮೂರನೆಯ ಸಲ ಕೇಳುವ ಧೈರ್ಯ ಇದುವರೆಗೆ ಯಾರಿಗೂ ಬಂದಿಲ್ಲ. ಮಾವನ ಮುಖ ಹಾಗಿರುತ್ತದೆ.

ಹಳೆಯ ಗಿರಾಕಿಗಳು ಕೇಳುವುದಿಲ್ಲ. ಇದೇ ಪ್ರಶ್ನೆಗೆ ಈ ಮನುಷ್ಯ ಕತ್ತರಿ ಕೆಳಗಿಟ್ಟು, ಎದುರು ಸಾಲಿನ ಬೀಗ ರಿಪೇರಿಯವನಿಗೂ ಕೇಳುವ ಹಾಗೆ ಗಂಟಲು ಹರಿದುಕೊಳ್ಳುತ್ತಿದ್ದುದನ್ನು ಅವರು ಕಂಡಿದ್ದಾರೆ. ಕೆಲವರು ಹೊಲಿಸುವುದು ಏನೂ ಇಲ್ಲದಿದ್ದರೂ ಒಂದು ಗುಂಡಿ ಕಿತ್ತುಕೊಂಡು ಬರುತ್ತಿದ್ದರು, ಆ ಜಗಳ ಕೇಳುವುದಕ್ಕೆ. ಆ ಗುಂಡಿ ಹಾಕುತ್ತಿದ್ದವಳು ನಾನು, ಹಾಗಾಗಿ ಯಾರ ಗುಂಡಿ ತಾನಾಗಿ ಬಿದ್ದಿದೆ, ಯಾರದು ಕಿತ್ತದ್ದು ಎಂದು ನನಗೆ ಚೆನ್ನಾಗಿ ಗೊತ್ತಾಗುತ್ತಿತ್ತು.

ಜಗಳದ ಇನ್ನೊಂದು ಕಡೆ ಇದ್ದವನು ನನ್ನಪ್ಪ. ಅಂಗಡಿ ಅಪ್ಪನದು. ಉದ್ದಕ್ಕೆ ಓಣಿಯಂತಿರುವ ಕೋಣೆ. ಬಾಗಿಲ ಬಳಿ ಬೆಳಕಿಗೆ ಅಪ್ಪನ ಮಿಷನ್ನು, ಒಳಗೆ ಇಸ್ತ್ರಿ ಮೇಜಿನ ಪಕ್ಕ ಮಾವನ ಮಿಷನ್ನು, ನಡುವೆ ಒಂದು ಸ್ಟೂಲಿನ ಮೇಲೆ ಗುಂಡಿ ತೂರುವ ಕಾಜಾ ಮಾಡುತ್ತಾ ನಾನು. ಹಿಂದೆ ಪರದೆ ಕಟ್ಟಿದ ಕನ್ನಡಿ, ಅದರಾಚೆ ನಮ್ಮ ಮನೆ. ಶಾಲೆಯಲ್ಲಿ ಮೇಷ್ಟರ ಜೊತೆ ಕಾಲು ಕೆರೆದು ಜಗಳವಾಡಿ ಹೊರಬಿದ್ದ ಮಾವನನ್ನು ಅಮ್ಮ ಇಲ್ಲಿಗೆ ಕರೆಸಿಕೊಂಡಿದ್ದಳು. ಭಾವನ ಹತ್ತಿರ ಕೆಲಸ ಕಲಿತರೆ ಬದುಕಿಕೊಳ್ಳುತ್ತಾನೆ ಎಂದು ಅವಳ ಲೆಕ್ಕ. ಅಪ್ಪ ಅವನ ಬೆರಳ ಗೆಣ್ಣಿಗೆ ಅಳತೆಪಟ್ಟಿಯಲ್ಲಿ ಬಾರಿಸಿ ಕೆಲಸ ಕಲಿಸಿದ. ಮಾವ ಕಲಿತ, ಅಂಗಡಿಯ ಅಟ್ಟದ ಮೇಲೆ ಹಾಸಿಗೆ ಹಾಸಿಕೊಂಡ, ಮತ್ತೆ ಎಲ್ಲಿಗೂ ಹೋಗಲಿಲ್ಲ.

ಆ ಇಬ್ಬರು ನಟರನ್ನು ನಮ್ಮ ಮನೆಯಲ್ಲಿ ಹೆಸರು ಹಿಡಿದು ಕರೆದವರೇ ಇಲ್ಲ. ಮಾವನ ನಟ ಮೀಸೆ. ಅಪ್ಪನ ನಟ ಗುಂಗುರು. ಮೀಸೆ ಬಾಯಿ ಬಿಟ್ಟರೆ ಟಾಕೀಸಿನ ತಗಡು ಅದುರುತ್ತಿತ್ತು. ಗುಂಗುರು ಕೂದಲಿನವನು ಮಾತೇ ಆಡುತ್ತಿರಲಿಲ್ಲ, ಆಡಿದರೂ ಹಿಂದಿನ ಸಾಲಿಗೆ ಕೇಳುತ್ತಿರಲಿಲ್ಲ. ಈಗ ಇಬ್ಬರೂ ಹಣ್ಣು ಹಣ್ಣು ಮುದುಕರು. ಮೀಸೆಯ ಮೀಸೆಗೆ ಬಣ್ಣ, ಗುಂಗುರಿನ ತಲೆಗೆ ಟೋಪನ್ನು. ಅಪ್ಪ ಮತ್ತು ಮಾವನ ಕಣ್ಣಿಗೆ ಮಾತ್ರ ಅವರಿಬ್ಬರಿಗೂ ವಯಸ್ಸಾಗಿರಲಿಲ್ಲ.

"ಕೋರ್ಟ್ ಸೀನಲ್ಲಿ ಮೀಸೆ ಒಂದು ಸಲ ಗುಡುಗಿದ್ರೆ, ಮಲಗಿರೋನೂ ಎದ್ದು ಕೂತ್ಕೋತಾನೆ ಭಾವ," ಎಂದು ಮಾವ ಶುರು ಮಾಡುತ್ತಿದ್ದ.

"ಮಲಗಿರೋರನ್ನ ಎಬ್ಬಿಸೋಕೆ ನಟ ಯಾಕಯ್ಯಾ ಬೇಕು? ಪಕ್ಕದ ಮನೆ ನಾಯಿ ಸಾಕು," ಎಂದು ಅಪ್ಪ ಮಿಷನ್ನಿನಿಂದ ತಲೆ ಎತ್ತದೆ ಹೇಳುತ್ತಿದ್ದ.

"ನಿಮ್ಮ ಗುಂಗುರು ಮಗ ಸತ್ತ ಅಂತ ಸುದ್ದಿ ಬಂದ್ರೂ ಕ್ಯಾಮೆರಾಗೆ ಬೆನ್ನು ಹಾಕಿ ನಿಂತ್ಕೋತಾನೆ. ಅಳೋಕೆ ಬರದೇ ಇರೋನು ಹೂಡೋ ಉಪಾಯ ಅದು!"

ಆಗ ಅಪ್ಪ ಮಿಷನ್ನು ನಿಲ್ಲಿಸುತ್ತಿದ್ದ. "ಆ ಬೆನ್ನು ನೋಡಿದ್ಯೇನಯ್ಯಾ ನೀನು? ಸರಿಯಾಗಿ ನೋಡಿದ್ಯಾ? ನಾವು ಟೈಲರ್‌ಗಳು, ಜನರ ಬೆನ್ನು ನೋಡಿ ಅನ್ನ ತಿನ್ನೋರು. ಆ ಭುಜ ಹೇಗೆ ಇಳಿಯುತ್ತೆ ಅಂತ ಕಾಣ್ಲಿಲ್ವಾ ನಿನಗೆ? ಕಣ್ಣೇನು ಕಾಜಾನಾ?"

ಕಾಣಲಿಲ್ಲ ಎಂದು ಮಾವ ಹೇಳುತ್ತಿದ್ದ. ತಲೆ ಹೋದರೂ ಕಾಣಲಿಲ್ಲ ಎಂದೇ ಹೇಳುತ್ತಿದ್ದ. ಒಮ್ಮೆ ಅವನಿಗೆ ಕೂಡಿಬಂದಿದ್ದ ಒಳ್ಳೆಯ ಸಂಬಂಧ ಇದರಿಂದಲೇ ಕೆಟ್ಟಿತು. ಹುಡುಗಿಯ ಅಪ್ಪ ಊಟಕ್ಕೆ ಕೂತಾಗ ಮಾತಿಗೆ, ಮೀಸೆಯ ಕಾಲ ಮುಗಿಯಿತು, ಈಗೇನಿದ್ದರೂ ಅರಚುತ್ತಾನೆ ಅಷ್ಟೇ ಎಂದರಂತೆ. ಮಾವ ಅರ್ಧ ಊಟಕ್ಕೆ ಕೈ ತೊಳೆದುಕೊಂಡು ಬಂದ. ಅಮ್ಮ ವಾರಗಟ್ಟಲೆ ಅತ್ತಳು. ಅಪ್ಪ ಬಿದ್ದು ಬಿದ್ದು ನಕ್ಕ, ಆಮೇಲೆ ಆ ಮದುವೆಗೆಂದು ಕತ್ತರಿಸಿಟ್ಟಿದ್ದ ಕೋಟಿನ ಬಟ್ಟೆಯನ್ನು ಮಡಿಚಿ ಪೆಟ್ಟಿಗೆಯ ತಳಕ್ಕೆ ಹಾಕಿದ. ಮಾವನಿಗೆ ಮತ್ತೆ ಸಂಬಂಧ ಬರಲಿಲ್ಲ. ನನಗಂತೂ ಇಂದಿಗೂ ಸಿಟ್ಟು ಬರುತ್ತದೆ. ಆ ನಟನಿಗೆ ಈ ತ್ಯಾಗ ಗೊತ್ತೂ ಇಲ್ಲ, ಗೊತ್ತಾದರೆ ಅವನೂ ನಗುತ್ತಿದ್ದನೇನೋ.

ಅಮ್ಮನದು ತವರಿನ ಪಕ್ಷ. ಮೀಸೆಯೇ ದೊಡ್ಡವನು ಎಂದು ತಮ್ಮನ ಕಡೆ ನಿಲ್ಲುತ್ತಿದ್ದಳು. ಅಪ್ಪ ಒಬ್ಬಂಟಿಯಾಗಿ ಇಬ್ಬರನ್ನೂ ಎದುರಿಸುತ್ತಿದ್ದ. ಆ ಮನೆಯಲ್ಲಿ ಒಂದು ಪಕ್ಷದವರು ಇನ್ನೊಂದು ಪಕ್ಷದ ಮಾತು ಒಪ್ಪಿದ್ದನ್ನು ನಾನು ಕಂಡಿಲ್ಲ.

ಅಮ್ಮನಿಗೆ ಕೆಟ್ಟ ಕಾಯಿಲೆ ಬಂದಾಗ ಅವಳಿಗೆ ತಿಳಿಸಬಾರದೆಂದು ಮೂವರೂ ಮಾತಾಡಿಕೊಂಡಿದ್ದೆವು. ಆದರೆ ಕೊನೆಯ ವಾರ ಆಸ್ಪತ್ರೆಯಲ್ಲಿ ಅವಳಿಗೆ ಹೇಗೋ ಗೊತ್ತಾಗಿಬಿಟ್ಟಿತು. ಮಾವ ಹೊರಗಿನಿಂದ ಔಷಧಿ ತರುವಷ್ಟರಲ್ಲಿ ಅವಳ ಮುಖ ಗೋಡೆಯ ಕಡೆ ತಿರುಗಿತ್ತು. ಅಲ್ಲಿಂದ ಊಟ ಬಿಟ್ಟಳು, ನೀರು ಕುಡಿಸಹೋದರೆ ತುಟಿ ಬಿಚ್ಚುತ್ತಿರಲಿಲ್ಲ, ಆಗಾಗ ಹೊರಳಿ ಬಾಗಿಲ ಕಡೆ ಬೆದರಿ ಬೆದರಿ ನೋಡುತ್ತಿದ್ದಳು. ನರ್ಸಮ್ಮನೇ ಬಾಯಿ ಜಾರಿ ಹೇಳಿರಬೇಕೆಂದು ಮಾವ ಆ ಹೆಂಗಸಿನ ಮೇಲೆ ಹಾರಾಡಿ, ಅವರು ಅಳುವ ಹಾಗೆ ಮಾಡಿದ. ಅಪ್ಪ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ, ಒಂದು ಮಾತೂ ಆಡಲಿಲ್ಲ.

ಅಮ್ಮ ಹೋದ ಮೇಲೆ ಅಪ್ಪ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ: "ನನಗೇನಾದ್ರೂ ಇಂಥದ್ದು ಬಂದ್ರೆ ನನಗೆ ಹೇಳಕೂಡದು. ಗೊತ್ತಿಲ್ದೆ ಹೋಗ್ತೀನಿ. ಅವಳು ಗೊತ್ತಾದ ಮೇಲೆ ಹೇಗಿದ್ದಳು ಅಂತ ನೋಡಿದ್ರಲ್ಲ. ನನ್ನ ಕೈಲಿ ಅದು ಆಗಲ್ಲ." ಮಾವ ಅಪ್ಪನ ಕೈ ಹಿಡಿದುಕೊಂಡು ಆಗಲಿ ಎಂದ.

ಆಮೇಲೆ ಅಂಗಡಿಯಲ್ಲಿ ಬಾಯಿಗೆ ಬೀಗ. ಮಿಷನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಪ್ಪ ತಟ್ಟೆಯ ಮುಂದೆ ಕೂತು ಎದ್ದು ಹೋಗುತ್ತಿದ್ದ. ನಾನು ಬೇಡಿಕೊಂಡೆ, ರೇಗಿದೆ, ಏನೂ ನಡೆಯಲಿಲ್ಲ. ಒಂದು ದಿನ ಮಾವ ಊಟಕ್ಕೆ ಕೂತವನೇ ಗಾಳಿಗೆ ಹೇಳುವವನಂತೆ, "ಏನೇ ಹೇಳಿ, ಗುಂಗುರಿಗೆ ಅಳೋಕೆ ಬರಲ್ಲ," ಎಂದ. ಅಪ್ಪನ ಮೂಗು ಕೆಂಪಾಯಿತು. "ಮುಚ್ಚಯ್ಯಾ ಬಾಯಿ, ನಿನಗೇನು ಗೊತ್ತು ಅಳೋದು ಅಂದ್ರೆ!" ಎಂದು ಶುರು ಮಾಡಿದವನು, ಬೈಯುತ್ತಾ ಬೈಯುತ್ತಾ ತಟ್ಟೆಯಲ್ಲಿದ್ದುದನ್ನೆಲ್ಲಾ ಖಾಲಿ ಮಾಡಿದ. ನಾನು ಒಳಗೆ ಹೋಗಿ ಅತ್ತೆ. ಮಾವನ ಮೇಲೆ ನನಗಿದ್ದ ಸಿಟ್ಟಿನಲ್ಲಿ ಅರ್ಧ ಆ ದಿನ ಇಳಿಯಿತು.

ಹೀಗೆ ವರ್ಷಗಳು ನಡೆದವು. ಆಮೇಲೆ ಅಪ್ಪ ಸೊರಗತೊಡಗಿದ. ಹೊಟ್ಟೆ ನೋವೆನ್ನುತ್ತಿದ್ದ, ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಆಸ್ಪತ್ರೆಗೆ ಕರೆದೊಯ್ದೆವು. ಅಪ್ಪನನ್ನು ಹೊರಗೆ ಕೂರಿಸಿ ಡಾಕ್ಟರಮ್ಮ ನಮ್ಮಿಬ್ಬರನ್ನೂ ಒಳಗೆ ಕರೆದರು. ಗಡ್ಡೆ ಎಲ್ಲಾ ಕಡೆ ಹರಡಿದೆ, ಹೆಚ್ಚು ಕಾಲವಿಲ್ಲ ಎಂದರು.

"ಬಿಚ್ಚಿ ಹೊಲಿಯೋಕಾಗಲ್ವಾ ಮೇಡಂ?" ಎಂದು ಮಾವ ಕೇಳಿದ.

"ಬಿಚ್ಚಬಹುದು. ತೆಗೆಯೋಕಾಗಲ್ಲ," ಎಂದರು ಅವರು.

ಮಾವ ತಲೆಯಾಡಿಸಿದ. ನೂಲು ಸತ್ತು ಲಡ್ಡಾಗಿ ಹೋದ ಬಟ್ಟೆಗೆ ಹೊಲಿಗೆ ನಿಲ್ಲುವುದಿಲ್ಲ ಎಂದು ಅವನೇ ಎಷ್ಟೋ ಗಿರಾಕಿಗಳಿಗೆ ಹೇಳಿ ವಾಪಸು ಕಳಿಸಿದ್ದ. ಹೊರಗೆ ಬಂದು, "ಏನಿಲ್ಲ ಭಾವ, ಹೊಟ್ಟೇಲಿ ಹುಣ್ಣಾಗಿದೆಯಂತೆ. ಹೊತ್ತಿಗೆ ಸರಿಯಾಗಿ ತಿನ್ನದೆ ಮೀಸೆ ಮೇಲೆ ಹೊಟ್ಟೆ ಉರ್ಕೊಂಡ್ರೆ ಇನ್ನೇನಾಗುತ್ತೆ?" ಎಂದ. ಅಪ್ಪ ನಕ್ಕ. ದಾರಿಯುದ್ದಕ್ಕೂ ಇಬ್ಬರೂ ಜಗಳವಾಡಿಕೊಂಡು ಬಂದರು. ನಾನು ಹಿಂದೆ ನಡೆಯುತ್ತಿದ್ದೆ.

ಅಂದಿನಿಂದ ಮಾವನಿಗೆ ಬೇರೆ ಕೆಲಸವೇ ಇಲ್ಲ. ಅಪ್ಪನಿಗೆ ತಿಳಿಯದ ಹಾಗೆ ಅವನನ್ನು ಕೊನೆಯವರೆಗೆ ನಡೆಸಿಕೊಂಡು ಹೋಗಬೇಕು, ಅಷ್ಟೇ. ಅಕ್ಕನಿಗೆ ಆದದ್ದು ಭಾವನಿಗೆ ಆಗಕೂಡದು ಎಂದು ನನಗೆ ದಿನಕ್ಕೊಮ್ಮೆ ಹೇಳುತ್ತಿದ್ದ, ನಾನೇ ಎಲ್ಲೋ ಬಾಯಿ ಬಿಡುತ್ತೇನೆ ಎಂಬ ಅನುಮಾನ. ನೋಡಲು ಬಂದವರನ್ನು ಬೀದಿಯಲ್ಲೇ ತಡೆದು, ಮುಖ ಸರಿಮಾಡಿಕೊಂಡು ಒಳಗೆ ಬನ್ನಿ ಎಂದು ಪಾಠ ಹೇಳಿಕೊಡುತ್ತಿದ್ದ.

ಮೈ ಮಾತ್ರ ಯಾರ ಮಾತೂ ಕೇಳುತ್ತಿರಲಿಲ್ಲ. ಅಂಗಿ ಅಪ್ಪನ ಮೈಮೇಲೆ ಗೂಟಕ್ಕೆ ತೂಗುಹಾಕಿದ ಹಾಗೆ ಜೋತು ಬೀಳತೊಡಗಿತು. ಟೈಲರ್ ಕಣ್ಣಿಗೆ ಇದನ್ನು ಮುಚ್ಚಿಡುವುದು ಹೇಗೆ? ಮಾವ ಒಂದು ದಾರಿ ಕಂಡುಕೊಂಡ. ಅದೂ ಅಪ್ಪನೇ ಕಲಿಸಿದ್ದು. ಗಿರಾಕಿಗೆ ಹೊಟ್ಟೆ ಬಂದಿದೆ ಎಂದು ಅಪ್ಪ ಯಾವತ್ತೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಒಳಹೊಲಿಗೆಯನ್ನು ಸದ್ದಿಲ್ಲದೆ ಬಿಚ್ಚಿ ಅಗಲ ಮಾಡಿ, "ಒಗೆದಾಗ ಬಟ್ಟೆ ಸ್ವಲ್ಪ ಎಳ್ಕೊಂಡಿತ್ತು, ಸರಿ ಮಾಡಿದೀನಿ" ಎನ್ನುತ್ತಿದ್ದ. ಗಿರಾಕಿ ಮರ್ಯಾದೆ ಉಳಿಸಿಕೊಂಡು ಹೋಗುತ್ತಿದ್ದ. ಮಾವ ಅದನ್ನೇ ತಿರುಗಿಸಿ ಮಾಡಿದ. ಮಧ್ಯಾಹ್ನ ಅಪ್ಪ ಮಾತ್ರೆ ನುಂಗಿ ಮಲಗಿದಾಗ ಅವನ ಅಂಗಿಗಳನ್ನು ತಂದು ಪಕ್ಕದ ಹೊಲಿಗೆ ಬಿಚ್ಚಿ ಒಂದಿಷ್ಟು ಒಳಗೆ ಹಿಡಿಯುತ್ತಿದ್ದ. ಭುಜ ಹಿಡಿದ, ತೋಳು ಹಿಡಿದ, ಕೊರಳಪಟ್ಟಿಯ ಗುಂಡಿಯನ್ನು ಒಳಕ್ಕೆ ಸರಿಸಲು ನನಗೆ ಕೊಟ್ಟ. ಹೊಸ ದಾರ ಹಳೆಯ ಅಂಗಿಯಲ್ಲಿ ಎದ್ದು ಕಾಣುತ್ತದೆಂದು ಅದೇ ಅಂಗಿಯ ಕೆಳಮಡಿಕೆಯಿಂದ ಮಾಸಿದ ದಾರ ಎಳೆದು, ಅದನ್ನು ಸೂಜಿಗೆ ಪೋಣಿಸಿ ಕೈಯಲ್ಲೇ ಹೊಲಿಯುತ್ತಿದ್ದ. ನಾಲ್ಕು ದಿನ ಕಳೆದರೆ ಮತ್ತೆ ಹಿಡಿಯಬೇಕಾಗುತ್ತಿತ್ತು. ಕನ್ನಡಿಯ ಪರದೆಯನ್ನು ಎರಡೂ ಕಡೆ ಮೊಳೆ ಹೊಡೆದು ಬಿಗಿದಿಟ್ಟ.

ಅಪ್ಪ ಎದ್ದು ಅಂಗಿ ತೊಡುತ್ತಿದ್ದ. ಒಮ್ಮೊಮ್ಮೆ ಪಕ್ಕದ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ.

ಜಗಳವನ್ನು ಮಾತ್ರ ಮಾವ ಒಂದು ದಿನವೂ ತಪ್ಪಿಸಲಿಲ್ಲ. ಅದೇ ಅವನ ಔಷಧಿ. ಅಪ್ಪನ ದನಿ ಇಳಿಯುತ್ತಾ ಬಂದ ಹಾಗೆ ಮಾವ ತನ್ನ ದನಿ ಏರಿಸುತ್ತಿದ್ದ. ಮೊದಮೊದಲು ಅಪ್ಪ ಎದ್ದು ಕೂತು ಉತ್ತರ ಕೊಡುತ್ತಿದ್ದ. ಆಮೇಲೆ ಮಲಗಿದಲ್ಲಿಂದಲೇ. ಆಮೇಲೆ, "ಹೋಗಯ್ಯಾ" ಎಂದು ಕೈ ಬೀಸುವುದಷ್ಟೇ ಉಳಿಯಿತು.

ಆ ಮಧ್ಯಾಹ್ನ ಟೀವಿಯಲ್ಲಿ ಗುಂಗುರಿನ ಹಳೆಯ ಸಿನಿಮಾ ಬರುತ್ತಿತ್ತು. ಮಗ ಸತ್ತ ಸುದ್ದಿ ಬರುವ ಆ ಸಿನಿಮಾವೇ. ಅಪ್ಪನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ್ದೆ. ಮಾವ ಮಂಚದ ಕಾಲ ಬಳಿ ನೆಲದ ಮೇಲೆ ಕೂತು ಯಾರದೋ ಪ್ಯಾಂಟಿನ ಅಂಚು ಮಡಿಚುತ್ತಿದ್ದ. ಆ ದೃಶ್ಯ ಬಂತು. ತೆರೆಯ ಮೇಲೆ ಗುಂಗುರು ಕಿಟಕಿಯ ಕಡೆ ತಿರುಗಿ ನಿಂತ, ಬೆನ್ನು ಮಾತ್ರ ಕಾಣುತ್ತಿತ್ತು.

ಅಪ್ಪನ ಕಣ್ಣು ಹೊಳೆಯಿತು. "ನೋಡಯ್ಯಾ," ಎಂದ. "ನೋಡು, ಆ ಭುಜ..." ಕೆಮ್ಮು ಬಂತು. ಸುಧಾರಿಸಿಕೊಂಡು ಮತ್ತೆ ಶುರು ಮಾಡಿದ. "ಭುಜ..." ಮುಂದಿನ ಮಾತು ಸಿಗಲಿಲ್ಲ. ಕೈಯೆತ್ತಿ ತೋರಿಸಹೋದ, ಕೈ ಹಾಸಿಗೆಗೆ ಬಿತ್ತು. ಇಷ್ಟು ವರ್ಷ ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಿದ್ದ ಮಾತು ಅವನಿಗೆ ಕೂಡಿಬರಲಿಲ್ಲ. ಅವನು ಮಾವನ ಮುಖ ನೋಡಿದ. ಹೇಳಲಾಗದೆ ಸೋತುಹೋಗುತ್ತೇನಲ್ಲ ಎಂಬ ಹಾಗೆ ನೋಡಿದ.

ಮಾವ ಸೂಜಿ ಕೆಳಗಿಟ್ಟ.

"ಬಲಗಡೆ ಭುಜ ಮೊದಲು ಇಳಿಯುತ್ತೆ ಭಾವ," ಎಂದ ಮೆಲ್ಲಗೆ. "ಎಡಗಡೇದು ಆಮೇಲೆ. ಅಂಗಿ ಕೊರಳ ಹತ್ತಿರ ಒಂದು ಸುಕ್ಕು ಬೀಳುತ್ತೆ. ನಟನೆ ಮಾಡೋರಾದ್ರೆ ಎರಡೂ ಒಟ್ಟಿಗೆ ಅಲುಗಾಡಿಸ್ತಾರೆ. ಇವನು ಹಾಗೆ ಮಾಡಲ್ಲ."

ಅಪ್ಪ ಬಾಯಿ ತೆರೆದು ನೋಡಿದ.

"ನನಗೂ ಕಂಡಿತ್ತು ಭಾವ. ಮೊದಲನೇ ಸಲ ನೋಡಿದಾಗಲೇ ಕಂಡಿತ್ತು. ಒಪ್ಪೋಕೆ ಮನಸ್ಸಿರಲಿಲ್ಲ ಅಷ್ಟೇ. ಗುಂಗುರೇ ದೊಡ್ಡವನು. ನೀವೇ ಗೆದ್ರಿ."

ನನಗೆ ಎಂಥಾ ಸಂತೋಷವಾಯಿತೆಂದರೆ, ಅಪ್ಪ ಈಗ ಕುಣಿಯದಿದ್ದರೂ ಒಂದು ಸಲ ಚಪ್ಪಾಳೆಯಾದರೂ ತಟ್ಟುತ್ತಾನೆ ಎಂದುಕೊಂಡೆ. ಮಾವನ ಮುಖವೂ ಅದನ್ನೇ ಕಾಯುತ್ತಿತ್ತು. ಮದುವೆಯನ್ನೇ ಬಿಟ್ಟುಕೊಟ್ಟು ಕಾಪಾಡಿದ್ದ ಹಠವನ್ನು ಬಿಚ್ಚಿ ಭಾವನ ಕೈಗೆ ಕೊಟ್ಟಿದ್ದ ಅವನು. ಅವನ ಹತ್ತಿರ ಕೊಡಲು ಬೇರೆ ಏನಿತ್ತು?

ಅಪ್ಪ ಚಪ್ಪಾಳೆ ತಟ್ಟಲಿಲ್ಲ. ಅವನ ಮುಖದಲ್ಲಿ ಉಳಿದಿದ್ದ ಅಷ್ಟಿಷ್ಟು ರಕ್ತವೂ ಇಳಿದುಹೋಯಿತು. ಬೆರಳುಗಳು ಹೊದಿಕೆಯನ್ನು ಹಿಡಿದುಕೊಂಡವು.

"ಮರಿ, ಟೀವಿ ಆರಿಸು," ಎಂದ. ಆರಿಸಿದೆ.

"ನಿಮ್ಮಕ್ಕನಿಗೆ ನಾನೂ ಹೀಗೇ ಒಪ್ಕೊಂಡಿದ್ದೆ ಕಣಯ್ಯಾ," ಎಂದ ಅಪ್ಪ. ಉಸಿರು ಕೂಡಿಸಿಕೊಳ್ಳುತ್ತಾ ತುಂಡು ತುಂಡಾಗಿ ಹೇಳಿದ. "ಆಸ್ಪತ್ರೇಲಿ. ನೀನು ಔಷಧಿ ತರೋಕೆ ಹೋಗಿದ್ದೆ. ಪಾಪ, ಖುಷಿ ಪಡಲಿ ಅಂತ, ಮೀಸೇನೇ ದೊಡ್ಡವನು ಕಣೇ, ನೀನೇ ಗೆದ್ದೆ ಅಂದೆ. ಅವಳು ನನ್ನ ಮುಖ ನೋಡಿದ್ಳು. 'ಹಾಗಾದ್ರೆ ನಂದು ಮುಗೀತಾ?' ಅಂದ್ಳು. ನರ್ಸಮ್ಮ ಏನೂ ಹೇಳಿರಲಿಲ್ಲ. ಪಾಪ, ನೀನು ಅವರನ್ನ ಬೈದೆ. ನಾನು ಸುಮ್ಮನಿದ್ದೆ."

ಅಪ್ಪ ತನ್ನ ಅಂಗಿಯ ಪಕ್ಕದ ಹೊಲಿಗೆಯನ್ನು ಹೆಬ್ಬೆರಳಿನಿಂದ ಸವರಿದ.

"ಅಂಗಿ ಹಿಡೀತಿದ್ದದ್ದು ನನಗೆ ಗೊತ್ತಿತ್ತು. ನಿನ್ನ ಕೈ ಹೊಲಿಗೆ ನನಗೆ ಗೊತ್ತಾಗಲ್ವಾ? ಹುಣ್ಣಿಗೂ ಮೈ ಇಳಿಯುತ್ತೆ ಬಿಡು ಅಂದ್ಕೊಂಡು ಸುಮ್ಮನಾದೆ. ನೀನೇ ಸೋತೆ ಅಂದಿದ್ದಕ್ಕೆ ಏನಂದ್ಕೊಳ್ಳಲಿ?" ಅಪ್ಪ ಮಾವನ ಕಡೆ ತಿರುಗಿದ. "ಎಷ್ಟು ದಿನ ಅಂದಿದ್ದಾರೆ?"

ಮಾವ ದಡಕ್ಕನೆ ಎದ್ದ. ತೊಡೆಯ ಮೇಲಿದ್ದ ಪ್ಯಾಂಟು ನೆಲಕ್ಕೆ ಬಿತ್ತು. "ಅಯ್ಯೋ, ಏನ್ ಭಾವ ನೀವು! ತಮಾಷೆಗೆ ಅಂದೆ! ಗುಂಗುರಂತೆ, ದೊಡ್ಡವನಂತೆ! ಅವನಿಗೆ ನೆಟ್ಟಗೆ ನಾಲ್ಕು ಮಾತು ಆಡೋಕೆ ಬರಲ್ಲ. ಕೋರ್ಟ್ ಸೀನಲ್ಲಿ ಮೀಸೆ ಮುಂದೆ ನಿಲ್ಲಿಸಿ ನೋಡಿ, ಪ್ಯಾಂಟು ಒದ್ದೆ ಮಾಡ್ಕೋತಾನೆ. ಮೀಸೇನೇ! ಯಾವತ್ತಿದ್ರೂ ಮೀಸೇನೇ! ಬನ್ನಿ ವಾದಕ್ಕೆ, ಬನ್ನಿ!" ಎಂದು ಬೀದಿಗೆ ಕೇಳುವ ಹಾಗೆ ಕೂಗಿದ. ಕೂಗುತ್ತಲೇ ಅವನ ದನಿ ಒಡೆಯಿತು. ಮುಖ ಕಾಣಿಸಬಾರದೆಂದು ತಿರುಗಿ, ಗೋಡೆಯ ಮೇಲೆ ಕೈಯಿಟ್ಟು, ನಮಗೆ ಬೆನ್ನು ಹಾಕಿ ನಿಂತ.

ಅಪ್ಪ ಬಹಳ ಹೊತ್ತು ಆ ಬೆನ್ನನ್ನೇ ನೋಡಿದ.

"ಆಯ್ತು ಕಣಯ್ಯಾ," ಎಂದ ಕೊನೆಗೆ. "ಮೀಸೇನೇ ದೊಡ್ಡವನು. ಬಾ, ಇಲ್ಲಿ ಕೂತ್ಕೋ."

ಮಾವ ಬಂದು ಮಂಚದ ಅಂಚಿಗೆ ಕೂತ. ಅಪ್ಪ ಅವನ ಕೈ ಹಿಡಿದುಕೊಂಡ. ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ, ಭಯ ಎಷ್ಟಿದೆ ಎಂದು ನನಗೆ ನಿಂತಲ್ಲಿಂದಲೇ ತಿಳಿಯಿತು. ಅಪ್ಪ ಗೊತ್ತಿಲ್ಲದೆ ಹೋಗಬೇಕೆಂದಿದ್ದ. ಅದೊಂದನ್ನೇ ನಮ್ಮಿಂದ ಕೇಳಿದ್ದ. ಉಳಿದ ದಿನಗಳನ್ನು ಅವನು ಗೊತ್ತಿದ್ದೇ ಕಳೆದ, ಅಮ್ಮನ ಹಾಗೆಯೇ ಬಾಗಿಲ ಕಡೆ ಬೆದರಿ ನೋಡುತ್ತಾ. ಮಾವ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಯಾರು ದೊಡ್ಡ ನಟ ಎಂಬ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಮಾವ ಸೋತ ಆ ದಿನದ ಸಂಜೆ ಅಪ್ಪ ಹೇಳಿದ್ದು ಒಂದೇ ಮಾತು. "ನನ್ನ ಅಂಗಿ ಎಲ್ಲಾ ಬಿಚ್ಚಿ ಮೊದಲಿನ ಹಾಗೆ ಮಾಡ್ಬಿಡು. ದೊಗಳೆ ಆದ್ರೆ ಆಗಲಿ. ನನ್ನ ಅಳತೇಲೇ ಹೋಗ್ತೀನಿ."

ಮಾವ ಅಂಗಿಗಳನ್ನೆಲ್ಲಾ ಮಡಿಲಿಗೆ ಹಾಕಿಕೊಂಡು, ಬ್ಲೇಡು ಹಿಡಿದು, ತಾನು ಹಾಕಿದ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ಮಾಸಿದ ದಾರ ಮಾಸಿದ ಬಟ್ಟೆಯಲ್ಲಿ ಬೆರೆತುಹೋಗಿತ್ತು. ಎಲ್ಲಿ ಹೊಲಿದಿದ್ದೆ ಎಂದು ಅವನಿಗೇ ಕಾಣುತ್ತಿರಲಿಲ್ಲ. ಅಂಗಿಯನ್ನು ಕಣ್ಣಿನ ಹತ್ತಿರ ಹಿಡಿದು, ಹೆಬ್ಬೆರಳಿನಿಂದ ಸವರಿ ಸವರಿ ಹುಡುಕುತ್ತಿದ್ದ. ನಾನು ದೀಪವನ್ನು ಅವನ ಹತ್ತಿರಕ್ಕೆ ಸರಿಸಿದೆ.